ಮೂವತ್ತು ಮಂದಿಗೆ ಹಾಟ್ ಚಾಕೊಲೇಟ್: ಕಾಫಿ ಮಾಡಿದ ಹಾಗೇ ಮಾಡಿ

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರ ಹತ್ತಿರ ಸಣ್ಣ ಕಾಫಿ ತೋಟ. ಕ್ರಿಸ್‌ಮಸ್ ಹಿಂದಿನ ರಾತ್ರಿ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನೆಂಟರು, ಅಕ್ಕಪಕ್ಕದ ತೋಟದವರು, ಮಕ್ಕಳು ಎಲ್ಲ ಸೇರಿ ಮೂವತ್ತು ಮಂದಿ ನಮ್ಮಲ್ಲಿಗೆ ಬರುತ್ತಾರೆ. ಹೋದ ವರ್ಷ ಮಗಳ ಆಸೆಗೆಂದು ಜಗಲಿಯಲ್ಲಿ ಮೇಜು ಹಾಕಿ ‘ಹಾಟ್ ಚಾಕೊಲೇಟ್ ಸ್ಟೇಷನ್’ ಮಾಡಿದೆವು. ಪುಡಿ ಗಂಟುಗಂಟಾಯಿತು, ಮೇಲೆ ಕೆನೆ ಕಟ್ಟಿತು, ಹತ್ತು ಮಂದಿ ಕುಡಿಯುವಷ್ಟರಲ್ಲಿ ಆರಿಹೋಯಿತು. ನಡುವೆ ಕರೆಂಟೂ ಹೋಯಿತು. ಈ ಸಲ ಅದಕ್ಕೆಂದೇ ಬರುವ ಯಂತ್ರ ಕೊಳ್ಳೋಣವೇ? ಯಾವ ಚಾಕೊಲೇಟ್, ಎಷ್ಟು ಹಾಲು, ಮೇಜಿನ ಮೇಲೆ ಏನೇನು ಇಡಬೇಕು?

ಉತ್ತರ: ಯಂತ್ರ ಬೇಡ. ಕರೆಂಟು ಹೋದರೆ ಅದೂ ಒಂದು ಪಾತ್ರೆ ಅಷ್ಟೇ, ತೊಳೆಯಲು ಕಷ್ಟವಾದ ಪಾತ್ರೆ.

ನಿಮ್ಮ ಮನೆಯಲ್ಲಿ ಮದುವೆಗೋ ತಿಥಿಗೋ ನೂರು ಮಂದಿಗೆ ಕಾಫಿ ಮಾಡಿ ಪಳಗಿದ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಪುಡಿ, ಹಾಲು, ಸಕ್ಕರೆ ಎಲ್ಲ ಒಂದೇ ಪಾತ್ರೆಗೆ ಸುರಿದು ಮೂರು ಗಂಟೆ ಒಲೆಯ ಮೇಲೆ ಬಿಡುತ್ತೀರಾ ಎಂದು ಅವರನ್ನು ಕೇಳಿ ನೋಡಿ. ಬೈದಾರು. ಡಿಕಾಕ್ಷನ್ ಮೊದಲೇ ಇಳಿಸಿ ಮುಚ್ಚಿಡುತ್ತಾರೆ, ಹಾಲನ್ನು ಬೇರೆಯಾಗಿ ಬಿಸಿ ಇಟ್ಟುಕೊಳ್ಳುತ್ತಾರೆ, ಬಂದವರ ಮುಖ ನೋಡಿ ಲೋಟದಲ್ಲಿ ಸೇರಿಸುತ್ತಾರೆ. ಹಾಟ್ ಚಾಕೊಲೇಟ್‌ಗೂ ಅದೇ ದಾರಿ. ಗಂಟು, ಕೆನೆ, ಆರಿದ್ದು ಮೂರೂ ಬಂದದ್ದು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿದ್ದರಿಂದ.

ನಾನೂ ಹಾಗೆ ಮಾಡಿ ಕೆಟ್ಟವನೇ. ಮಡಿಕೇರಿಯಲ್ಲಿ ಹೋಂಸ್ಟೇ ಅಡುಗೆಮನೆ ಶುರು ಮಾಡಿದ ಹೊಸತರಲ್ಲಿ, ಡಿಸೆಂಬರಿನ ಒಂದು ರಾತ್ರಿ, ಎಂಟು ಲೀಟರ್ ಹಾಲಿಗೆ ಪುಡಿ ಸಕ್ಕರೆ ಎಲ್ಲ ಹಾಕಿ ಸೌದೆ ಒಲೆಯ ಮೇಲೆ ಇಟ್ಟಿದ್ದೆ. ಕೆಂಡ ಆರಿದೆ ಎಂದುಕೊಂಡಿದ್ದೆ, ಆರಿರಲಿಲ್ಲ. ಹಾಲಿನ ಪ್ರೋಟೀನೂ ಕೋಕೋ ಪುಡಿಯೂ ಎರಡೂ ತಳಕ್ಕೆ ಇಳಿಯುವ ಸ್ವಭಾವದವು. ಸೇರಿ ಕೂತರೆ ಅಡಿ ಹಿಡಿಯುವುದಕ್ಕೆ ಹತ್ತು ನಿಮಿಷ ಸಾಕು. ಸೀದ ವಾಸನೆ ಮುಚ್ಚಲೆಂದು ಏಲಕ್ಕಿ ಹಾಕಿದೆ. ಆಮೇಲೆ ಇನ್ನಷ್ಟು ಏಲಕ್ಕಿ ಹಾಕಿದೆ. ಕೊನೆಗೆ ಅತಿಥಿಯೊಬ್ಬರು ಬಹಳ ಮರ್ಯಾದೆಯಿಂದ, ‘ಇದು ಇಲ್ಲಿನ ಸ್ಪೆಷಲ್ ಪಾಯಸವಾ?’ ಎಂದು ಕೇಳಿದರು.

ಮೊದಲು ಗಂಟಿನ ವಿಷಯ. ಕೋಕೋ ಪುಡಿ ಸಕ್ಕರೆಯ ಹಾಗೆ ಕರಗುವ ವಸ್ತುವಲ್ಲ. ಹುರಿದ ಕೋಕೋ ಬೀಜವನ್ನು ಅರೆದು, ಅದರ ಕೊಬ್ಬನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯ ಪುಡಿ ಅದು. ಹಾಗೆ ಹಿಂಡುವ ಯಂತ್ರಕ್ಕೆ ಹಾಲೆಂಡಿನ ವಾನ್ ಹೌಟನ್ ಕುಟುಂಬ 1828ರಲ್ಲಿ ಪೇಟೆಂಟ್ ಪಡೆಯಿತು. ಎಷ್ಟೇ ಹಿಂಡಿದರೂ ನೂರಕ್ಕೆ ಹತ್ತು ಹನ್ನೆರಡು ಪಾಲು, ಒಳ್ಳೆಯ ಪುಡಿಯಲ್ಲಿ ಇಪ್ಪತ್ತು ಇಪ್ಪತ್ತೆರಡು ಪಾಲು ಕೊಬ್ಬು ಉಳಿದೇ ಇರುತ್ತದೆ. ಕೊಬ್ಬು ನೀರನ್ನು ತಳ್ಳುತ್ತದೆ. ಜೊತೆಗಿರುವ ಪಿಷ್ಟ ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಹಾಗಾಗಿ ಒಂದು ಚಮಚ ಪುಡಿಯನ್ನು ಲೋಟದ ಹಾಲಿಗೆ ನೇರ ಹಾಕಿದರೆ ಹೊರಗಿನ ಪದರ ಒದ್ದೆಯಾಗಿ ಅಂಟುತ್ತದೆ, ಒಳಗೆ ಒಣ ಪುಡಿ ಹಾಗೇ ಸಿಕ್ಕಿಕೊಳ್ಳುತ್ತದೆ. ರಾಗಿ ಹಿಟ್ಟನ್ನು ಕುದಿನೀರಿಗೆ ಒಟ್ಟಿಗೇ ಸುರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ಡಿಕಾಕ್ಷನ್. ನಾನು ಅದನ್ನು ‘ಗಟ್ಟಿ’ ಎನ್ನುತ್ತೇನೆ. ಮೂವತ್ತು ಮಂದಿ ಎಂದರೆ ನಲವತ್ತು ಲೋಟದ ಲೆಕ್ಕ ಹಿಡಿಯಿರಿ, ಎರಡನೇ ಸಲ ಬರುವವರು ಇರುತ್ತಾರೆ. 300 ಗ್ರಾಂ ಕೋಕೋ ಪುಡಿ, 450 ಗ್ರಾಂ ಸಕ್ಕರೆ, ಒಂದು ಟೀ ಚಮಚ ಉಪ್ಪು, 1,200 ಮಿಲಿ ನೀರು, 400 ಗ್ರಾಂ ಡಾರ್ಕ್ ಚಾಕೊಲೇಟ್. ಒಟ್ಟು ಸುಮಾರು ಎರಡು ಲೀಟರ್ ಆಗುತ್ತದೆ, ಲೋಟಕ್ಕೆ 50 ಮಿಲಿ. ಉಪ್ಪು ಕಂಡು ಹುಬ್ಬೇರಿಸಬೇಡಿ. ನಲವತ್ತು ಲೋಟಕ್ಕೆ ಹಂಚಿದರೆ ಉಪ್ಪೆಂದು ಯಾರಿಗೂ ತಿಳಿಯದು, ಆದರೆ ಹಾಕದಿದ್ದರೆ ರುಚಿ ಚಪ್ಪೆ ಎನ್ನುವುದು ಎಲ್ಲರಿಗೂ ತಿಳಿಯುತ್ತದೆ.

ಅಗಲ ಬಾಯಿಯ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಕೋಕೋ ಪುಡಿಯನ್ನು ಜರಡಿ ಹಿಡಿದು ಅದರಲ್ಲಿ ಹಾಕಿ, ಸಕ್ಕರೆ ಉಪ್ಪು ಸೇರಿಸಿ ಒಣಗಿರುವಾಗಲೇ ಕೈಯಾಡಿಸಿ. ಸಕ್ಕರೆ ಹರಳು ಪುಡಿಯ ಕಣಗಳ ನಡುವೆ ಕೂತು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅರ್ಧ ಗಂಟು ಅಲ್ಲಿಗೇ ತಪ್ಪಿತು. ಬೇರೆ ಪಾತ್ರೆಯಲ್ಲಿ ನೀರು ಕುದಿಸಿ. ಕುದಿನೀರನ್ನು ಮೊದಲು ಕಾಲು ಭಾಗ ಮಾತ್ರ ಸುರಿಯಿರಿ. ಆಗ ಅದು ಕೆಸರಿನ ಮುದ್ದೆಯ ಹಾಗೆ ಕಾಣುತ್ತದೆ, ಕೆಟ್ಟೇ ಹೋಯಿತು ಅನಿಸುತ್ತದೆ. ಹೆದರಿ ಉಳಿದ ನೀರನ್ನೆಲ್ಲ ಸುರಿಯಬೇಡಿ, ಎಲ್ಲರೂ ತಪ್ಪುವುದು ಅಲ್ಲೇ. ಮರದ ಸೌಟಿನ ಬೆನ್ನಿನಿಂದ ಮುದ್ದೆಯನ್ನು ಪಾತ್ರೆಯ ಬದಿಗೆ ಒತ್ತಿ ತಿಕ್ಕುತ್ತಾ ಬನ್ನಿ. ಎರಡು ಮೂರು ನಿಮಿಷದಲ್ಲಿ ಮಬ್ಬು ಹೋಗಿ ಹೊಳಪು ಬರುತ್ತದೆ, ಸೌಟು ಎತ್ತಿದರೆ ಪಟ್ಟಿಯಂತೆ ಇಳಿಯುತ್ತದೆ. ಹೊಳಪು ಬಂದ ಮೇಲೆ ಉಳಿದ ನೀರನ್ನು ಮೂರು ಕಂತಿನಲ್ಲಿ ಸೇರಿಸಿ. ಆಮೇಲೆ ಸಣ್ಣ ಉರಿಯಲ್ಲಿ ಇಟ್ಟು, ಕೈ ಬಿಡದೆ ತಿರುವುತ್ತಾ, ಮೂರು ನಿಮಿಷ ಕುದಿಸಿ. ಮೂಗನ್ನು ಹತ್ತಿರ ಇಟ್ಟುಕೊಂಡರೆ ಗೊತ್ತಾಗುತ್ತದೆ: ಮೊದಲು ಹಸಿ, ಸ್ವಲ್ಪ ಮಣ್ಣಿನಂಥ ವಾಸನೆ, ಕುದಿ ಹಿಡಿದ ಮೇಲೆ ಹುರಿದ ಪರಿಮಳ. ಆ ಬದಲಾವಣೆ ಬಂದರೆ ಒಲೆಯಿಂದ ಇಳಿಸಿ. ಎರಡು ನಿಮಿಷ ಬಿಟ್ಟು ಸಣ್ಣಗೆ ಹೆಚ್ಚಿದ ಚಾಕೊಲೇಟ್ ಹಾಕಿ, ಮುಚ್ಚಿ, ಇನ್ನೆರಡು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ತಿರುವಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಬಾಯಿಯ ಬಿಸಿಗೇ ಕರಗುವ ವಸ್ತು ಅದು. ಅದಕ್ಕೆ ಉರಿ ಬೇಕಿಲ್ಲ, ಉರಿ ಕೊಟ್ಟರೆ ಕೆಡುತ್ತದೆ.

ಇದನ್ನು 23ನೇ ತಾರೀಖಿಗೇ ಮಾಡಿ ಫ್ರಿಜ್ಜಿನಲ್ಲಿ ಇಡಿ. ಒಂದು ರಾತ್ರಿ ಕೂತರೆ ರುಚಿ ಇನ್ನೂ ದುಂಡಗಾಗುತ್ತದೆ. ತಣ್ಣಗಾದಾಗ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದರೆ ಮತ್ತೆ ಸಡಿಲ. ಸಕ್ಕರೆ ಕಾಯಿಲೆ ಇರುವವರಿಗೆ ಬೇರೆಯೇ ಒಂದು ಸಣ್ಣ ಬಾಟಲಿ ಮಾಡಿ: ನಾಲ್ಕು ಲೋಟಕ್ಕೆ 30 ಗ್ರಾಂ ಕೋಕೋ, ಅರ್ಧ ಲೋಟ ಕುದಿನೀರು, ಚಿಟಿಕೆ ಉಪ್ಪು. ಸಕ್ಕರೆಯೂ ಚಾಕೊಲೇಟೂ ಇಲ್ಲ. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಕತ್ತಲಲ್ಲಿ ಎಲ್ಲ ಕಪ್ಪೇ.

ಯಾವ ಚಾಕೊಲೇಟ್ ಎಂದು ಕೇಳಿದ್ದೀರಿ. ಮಡಿಕೇರಿ, ಕುಶಾಲನಗರದ ರಸ್ತೆ ಬದಿಯಲ್ಲೆಲ್ಲ ‘ಹೋಂ ಮೇಡ್ ಚಾಕೊಲೇಟ್’ ಬೋರ್ಡು ಕಾಣುತ್ತದೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಬಹಳಷ್ಟು ಕಡೆ ಕೊಡುವುದು ಕಾಂಪೌಂಡ್, ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು. ತಿನ್ನಲು ಅಡ್ಡಿಯಿಲ್ಲ, ಗೋಡಂಬಿ ಹಾಕಿದರೆ ನಾನೂ ತಿನ್ನುತ್ತೇನೆ. ಬಿಸಿ ಹಾಲಿಗೆ ಹಾಕಿದಾಗ ಮಾತ್ರ ಆ ಕೊಬ್ಬು ಕಣ್ಣುಕಣ್ಣಾಗಿ ತೇಲುತ್ತದೆ, ಕುಡಿದ ಮೇಲೆ ಅಂಗುಳಕ್ಕೆ ಮೇಣ ಬಳಿದಂತೆ ಅನಿಸುತ್ತದೆ. ಪೊಟ್ಟಣ ತಿರುಗಿಸಿ ಪದಾರ್ಥಗಳ ಸಾಲು ಓದಿ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎನ್ನುವ ಕ್ರಮದಲ್ಲಿ ಬರೆದಿರುತ್ತಾರೆ. ಕೋಕೋ ಬೆಣ್ಣೆ ಎಂದಿದ್ದರೆ ತನ್ನಿ, ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಎಂದಿದ್ದರೆ ಬಿಡಿ. ಕೋಕೋ 50 ಶೇಕಡಾ ಆಸುಪಾಸು ಇದ್ದರೆ ಸಾಕು. 80, 90ರದ್ದು ಮಕ್ಕಳಿಗೆ ಕಷಾಯ. ‘ಡ್ರಿಂಕಿಂಗ್ ಚಾಕೊಲೇಟ್’ ಡಬ್ಬದ ಪದಾರ್ಥಗಳನ್ನೂ ಹಾಗೇ ಓದಿ ನೋಡಿ, ಅನೇಕವುಗಳಲ್ಲಿ ಮೊದಲು ಕಾಣುವುದು ಸಕ್ಕರೆ. ಹೋದ ವರ್ಷ ನೀವು ಅದನ್ನೇ ತಂದಿದ್ದರೆ, ರುಚಿ ಸಾಲದೆಂದು ಇನ್ನಷ್ಟು ಇನ್ನಷ್ಟು ಹಾಕಿ ಸಿಹಿ ಮುಖಕ್ಕೆ ಹೊಡೆದಿರಬೇಕು.

ಕೋಕೋ ಪುಡಿಯ ಲೇಬಲ್ಲಿನಲ್ಲಿ ಆಮ್ಲ ನಿಯಂತ್ರಕ 501 ಎಂದೇನಾದರೂ ಕಂಡರೆ ಅದು ಕ್ಷಾರ ಹಾಕಿ ಹದ ಮಾಡಿದ್ದು, ಡಚ್ ಕೋಕೋ ಎನ್ನುವುದು ಅದನ್ನೇ. ಬಣ್ಣ ಗಾಢ, ಹುಳಿ ಕಡಿಮೆ, ಹಾಲಿಗೆ ಬೇಗ ಬೆರೆಯುತ್ತದೆ. ಕ್ಷಾರ ಹಾಕದ್ದು ತಿಳಿ ಕಂದು ಬಣ್ಣದ್ದು, ಸ್ವಲ್ಪ ಹುಳಿ. ಎರಡೂ ಆಗುತ್ತದೆ. ಮೂವತ್ತು ಮಂದಿಯ ಗಡಿಬಿಡಿಯಲ್ಲಿ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ. ಚಾಕೊಲೇಟ್ ಎಂದರೆ ಎಲ್ಲೋ ಸ್ವಿಟ್ಜರ್ಲೆಂಡಿನದು ಎಂದು ಮಗಳು ಹೇಳಿದರೆ ಸಂಪಾಜೆ ಘಾಟಿ ಇಳಿಸಿ ತೋರಿಸಿ. ಸುಳ್ಯ, ಪುತ್ತೂರು ಕಡೆ ಅಡಿಕೆ ಮರದ ನೆರಳಲ್ಲಿ ಕೋಕೋ ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಟ್ಟಿರುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರಿಗೆಂದು ಹುಟ್ಟಿದ ಕ್ಯಾಂಪ್ಕೋ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ನಮ್ಮ ಕಾಫಿ ಘಾಟಿ ಮೇಲೆ, ಅವರ ಕೋಕೋ ಘಾಟಿ ಕೆಳಗೆ. ನೆರೆಮನೆಯ ಸರಕು.

ಹಾಲು ನಾಲ್ಕು ಲೀಟರ್ ಬೇಕು, ಐದು ತರಿಸಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಮೂರು ಶೇಕಡಾ, ಫುಲ್ ಕ್ರೀಮಿನಲ್ಲಿ ಆರು. ಗಟ್ಟಿಯಲ್ಲಿ ಆಗಲೇ ಕೋಕೋ ಬೆಣ್ಣೆ ಇರುವುದರಿಂದ ಆರು ಶೇಕಡಾದ್ದು ಹೊಟ್ಟೆಗೆ ಭಾರ, ಅದೂ ಕೇಕು ತಿಂದ ಮೇಲೆ. ಟೋನ್ಡ್ ಸಾಕು. ಮನೆಯಲ್ಲೇ ಹಸುವಿದ್ದರೆ ಕೇಳುವುದೇ ಬೇಡ. ಕರ್ನಾಟಕದ ಸಹಕಾರಿ ಡೇರಿ ಶುರುವಾದದ್ದೇ 1955ರಲ್ಲಿ, ನಮ್ಮ ಕೂಡಿಗೆಯಲ್ಲಿ. ಹಾಲಿನ ವಿಷಯದಲ್ಲಿ ಕೊಡಗಿಗೆ ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ಹಾಲು ಕುಡಿಯದವರಿಗೆ ತೆಂಗಿನಹಾಲು ಚಾಕೊಲೇಟಿಗೆ ಬಹಳ ಹೊಂದುತ್ತದೆ, ಆದರೆ ಅದನ್ನು ಕುದಿಸಬಾರದು, ಒಡೆಯುತ್ತದೆ.

ಇನ್ನು ಬಿಸಿ. ಇಡೀ ಏರ್ಪಾಟು ನಿಂತಿರುವುದು ಇದರ ಮೇಲೆ, ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಕುಡಿಯಲು ಹಿತವಾದ ಬಿಸಿ 60ರಿಂದ 65 ಡಿಗ್ರಿ, ಮಕ್ಕಳಿಗೆ 50. ನಿಮ್ಮ ಹಾಲು 80 ಡಿಗ್ರಿ ಇದೆ ಎನ್ನಿ. ಡಿಸೆಂಬರಿನ ರಾತ್ರಿ ಜಗಲಿಯಲ್ಲಿ ಇಟ್ಟ ಗಟ್ಟಿ 18ಕ್ಕೆ ಇಳಿದಿರುತ್ತದೆ. 100 ಮಿಲಿ ಹಾಲು, 50 ಮಿಲಿ ಗಟ್ಟಿ ಸೇರಿಸಿದರೆ 60ರೊಳಗೆ ಬಂತು. ತಣ್ಣನೆಯ ಪಿಂಗಾಣಿ ಲೋಟ ಇನ್ನೂ ಆರೇಳು ಡಿಗ್ರಿ ಕುಡಿಯುತ್ತದೆ. ಲೋಟ ಹಿಡಿದವರು ಗೋದಲಿ ನೋಡಲು ಹೋಗಿ ಬರುವಷ್ಟರಲ್ಲಿ ಅದು ಬರೀ ಉಗುರುಬೆಚ್ಚಗೆ. ಅದೇ ಗಟ್ಟಿಯೂ 60ರಲ್ಲಿದ್ದು ಲೋಟವೂ ಬೆಚ್ಚಗಿದ್ದರೆ ಕೈಗೆ ಬರುವಾಗ 70ರ ಹತ್ತಿರ ಇರುತ್ತದೆ, ಕೂತು ಮಾತಾಡಿ ಕುಡಿಯಬಹುದು. ಮೂರನ್ನೂ ಬಿಸಿ ಇಡಬೇಕು: ಹಾಲು, ಗಟ್ಟಿ, ಲೋಟ. ಲೋಟಕ್ಕೆ ಬಚ್ಚಲ ಹಂಡೆ ಇದ್ದೇ ಇದೆ. ಪೂಜೆಗೆ ಹೊರಡುವ ಮುಂಚೆ ಒಲೆಗೆ ಎರಡು ದಪ್ಪ ಕೊರಡು ತುರುಕಿ ಹೋದರೆ ಬರುವಾಗ ನೀರು ಕಾದಿರುತ್ತದೆ. ಒಂದು ಬಕೆಟ್ಟು ತೋಡಿ, ಲೋಟಗಳನ್ನು ಅದರಲ್ಲಿ ಅದ್ದಿ ತೆಗೆದು, ಒರೆಸಿ ಮೇಜಿಗೆ ಇಡಿ.

ಹಾಲಿಗೆ ನೀರಿನ ಪಾತ್ರೆಯ ಉಪಾಯ. ದೊಡ್ಡ ಅಗಲ ಪಾತ್ರೆಯಲ್ಲಿ ಕಾಲು ಭಾಗ ನೀರು, ತಳದಲ್ಲಿ ಒಂದು ಸಿಂಬಿಯೋ ಕುಕ್ಕರಿನ ತಟ್ಟೆಯೋ, ಅದರ ಮೇಲೆ ಹಾಲಿನ ಪಾತ್ರೆ. ಹಾಲನ್ನು ಒಮ್ಮೆ ಸರಿಯಾಗಿ ಕುದಿಸಿ ಆಮೇಲೆ ಅದರಲ್ಲಿ ಕೂರಿಸಿ, ಕೆಳಗೆ ಸಣ್ಣ ಉರಿಯ ಗ್ಯಾಸೋ ಕೆಂಡವೋ. ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿಯಾಗದು, ಮಡಿಕೇರಿಯ ಎತ್ತರದಲ್ಲಂತೂ ಸುಮಾರು 96 ಡಿಗ್ರಿಗೇ ಕುದಿ ಬರುತ್ತದೆ, ಆದ್ದರಿಂದ ಎಷ್ಟು ಹೊತ್ತು ಇಟ್ಟರೂ ಹಾಲು ಅಡಿ ಹಿಡಿಯುವ ಮಾತಿಲ್ಲ. ಗಟ್ಟಿಯ ಪಾತ್ರೆಯನ್ನೂ ಪಕ್ಕದಲ್ಲೇ ಕೂರಿಸಿಬಿಡಿ. ಕೆನೆ ಕಟ್ಟುವುದು ಮೇಲ್ಮೈಯ ನೀರು ಆವಿಯಾಗಿ, ಅಲ್ಲಿನ ಪ್ರೋಟೀನು ಕೊಬ್ಬು ಒಣಗಿ ಹೆಣೆದುಕೊಳ್ಳುವುದರಿಂದ. ತಟ್ಟೆ ಮುಚ್ಚಿಟ್ಟರೆ ಆವಿ ಒಳಗೇ ಉಳಿಯುತ್ತದೆ, ಕೆನೆ ನಿಧಾನ. ಹತ್ತು ನಿಮಿಷಕ್ಕೊಮ್ಮೆ ಕಲಕಿದರೆ ಇನ್ನೂ ನಿಧಾನ.

ಜಗಲಿಯ ಮೇಜಿಗೆ ಮಾತ್ರ ಪಾತ್ರೆ ತರಬೇಡಿ. ಒಳಗಿನ ಒಲೆಯಿಂದ ಸ್ಟೀಲ್ ಫ್ಲಾಸ್ಕಿಗೆ ತುಂಬಿ ಮೇಜಿಗೆ, ಖಾಲಿಯಾದರೆ ಮತ್ತೆ ಒಳಗೆ. ಲೀಟರಿನ ಎರಡು ಫ್ಲಾಸ್ಕು ಸಾಕು, ಒಂದು ಹೊರಗಿದ್ದಾಗ ಇನ್ನೊಂದು ಒಳಗೆ ತುಂಬುತ್ತಿರಲಿ. ತುಂಬುವ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಇಲ್ಲದಿದ್ದರೆ ಫ್ಲಾಸ್ಕೇ ಮೊದಲ ಹತ್ತು ಡಿಗ್ರಿ ತಿಂದುಬಿಡುತ್ತದೆ. ಹಾಲು 60 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಇರಬಾರದು, ಕೆಡಿಸುವ ಜೀವಿಗಳು ಬೆಳೆಯುವುದು ಆ ಬೆಚ್ಚಗಿನಲ್ಲೇ. ಫ್ಲಾಸ್ಕಿನ ಹಾಲು ನಾಲಿಗೆಗೆ ಹಿತವಾಗಿ ಬೆಚ್ಚಗಿದೆ ಅನಿಸಿದರೆ ಅದನ್ನು ವಾಪಸು ಒಲೆಗೆ ಕಳಿಸುವ ಹೊತ್ತಾಯಿತು ಎಂದರ್ಥ. ನಿಮ್ಮ ಸಿದ್ದಾಪುರ ಕಡೆ ರಾತ್ರಿ ತೋಟದ ದಾರಿಯಲ್ಲಿ ಆನೆ ನಿಂತರೆ ನೆಂಟರು ಬೆಳಗಿನ ತನಕ ನಿಮ್ಮಲ್ಲೇ ಉಳಿಯುತ್ತಾರೆ. ಆ ಲೆಕ್ಕಕ್ಕೇ ಐದನೇ ಲೀಟರ್.

ಮೇಜಿನ ಮೇಲಿನ ಪರಿಮಳಗಳ ವಿಷಯಕ್ಕೆ ಬಂದರೆ ಕೊಡಗಿನವರು ಪೇಟೆಯಿಂದ ಏನೂ ತರಬೇಕಾಗಿಲ್ಲ. ಸಿರಪ್ಪಿನ ಬಾಟಲಿಗಳ ಸಾಲು ನೋಡಲು ಚೆಂದ, ಕುಡಿದರೆ ಎಲ್ಲವೂ ಒಂದೇ ಸೆಂಟು. ಏಲಕ್ಕಿ ಹತ್ತು ಕಾಯಿಯ ಬೀಜವನ್ನು 50 ಗ್ರಾಂ ಸಕ್ಕರೆಯ ಜೊತೆ ಪುಡಿ ಮಾಡಿ ಸಣ್ಣ ಭರಣಿಯಲ್ಲಿ ಇಡಿ, ಲೋಟಕ್ಕೆ ಅರ್ಧ ಚಮಚ. ಕರಿಮೆಣಸನ್ನು ಆಗತಾನೆ ಕುಟ್ಟಿ ತರಿಯಾಗಿ ಇಡಿ, ಚಿಟಿಕೆ ಸಾಕು. ಗಂಟಲಿನ ಹಿಂಭಾಗದಲ್ಲಿ ನಿಧಾನಕ್ಕೆ ಬೆಚ್ಚಗಾಗುತ್ತದೆ. ಇದು ಹೊಸ ಫ್ಯಾಷನ್ ಅಲ್ಲ. ಚಾಕೊಲೇಟ್ ಹುಟ್ಟಿದ ಮೆಕ್ಸಿಕೋ ಕಡೆಯ ಹಳೆಯ ಜನ ಅದನ್ನು ಹಾಲು ಸಕ್ಕರೆ ಇಲ್ಲದೆ, ನೀರಿನಲ್ಲಿ, ಮೆಣಸಿನಕಾಯಿ ಹಾಕಿಯೇ ಕುಡಿಯುತ್ತಿದ್ದರು. ಇನ್ನೊಂದು ಸಣ್ಣ ಪಾತ್ರೆಯಲ್ಲಿ ಕಾಫಿ ಡಿಕಾಕ್ಷನ್ ಇರಲಿ, ಲೋಟಕ್ಕೆ 15 ಮಿಲಿ. ಚಿಕೋರಿ ಹಾಕಿದ ಪುಡಿಯನ್ನು ಕಾಫಿಗೆ ನಾನು ಒಪ್ಪುವವನಲ್ಲ, ಆದರೆ ಚಾಕೊಲೇಟಿಗೆ ಅದರ ಸುಟ್ಟ ಸಕ್ಕರೆಯಂಥ ರುಚಿ ಒಗ್ಗುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಜೇನು ಬೇಕಾದವರು ಲೋಟಕ್ಕೇ ಹಾಕಿಕೊಳ್ಳಲಿ; ಸಕ್ಕರೆ ಕಡಿಮೆ ಮಾಡಿ ಜೇನು ಹಾಕಿದ ಲೋಟವೇ ನನ್ನದು.

ಕಿತ್ತಳೆಗೆ ಎಚ್ಚರ. ಚಾಕೊಲೇಟಿಗೆ ಕಿತ್ತಳೆಯಂಥ ಜೊತೆ ಇಲ್ಲ, ಅದಕ್ಕೇ ಜನ ರಸ ಹಿಂಡಿಬಿಡುತ್ತಾರೆ. ಬಿಸಿ ಹಾಲಿಗೆ ಹುಳಿ ಬಿದ್ದರೆ ಕೈಗೆ ಬರುವುದು ಕಂದು ಬಣ್ಣದ ಪನೀರ್. ಸಿಪ್ಪೆ ಮಾತ್ರ ಬಳಸಿ, ಅದರಲ್ಲೂ ಹೊರಗಿನ ಹಳದಿ ಕೆಂಪಿನ ಪದರ ಮಾತ್ರ, ಒಳಗಿನ ಬಿಳಿ ಕಹಿ. ಪೇಟೆಯ ಹಣ್ಣಿಗೆ ಮೇಣ ಬಳಿದಿರಬಹುದು, ಬಿಸಿನೀರಲ್ಲಿ ತಿಕ್ಕಿ ತೊಳೆಯಿರಿ. ತೋಟದಲ್ಲಿ ಇನ್ನೂ ಒಂದೆರಡು ಕೊಡಗಿನ ಕಿತ್ತಳೆ ಗಿಡ ಉಳಿದಿದ್ದು, ಅದರಲ್ಲಿ ಹಣ್ಣೂ ಇದ್ದರೆ ನಿಮ್ಮ ಪುಣ್ಯ. ಆ ಸಡಿಲ ಸಿಪ್ಪೆಯನ್ನು ಲೋಟದ ಮೇಲೆ ಹಿಡಿದು ಒಮ್ಮೆ ಮಡಚಿದರೆ ಸಾಕು, ಎಣ್ಣೆ ಚಿಮ್ಮಿ ನೊರೆಯ ಮೇಲೆ ಕೂರುತ್ತದೆ. ಶುಂಠಿಯದೂ ಇದೇ ಕಥೆ. ಹಸಿ ಶುಂಠಿಯ ರಸದಲ್ಲಿ ಹಾಲು ಒಡೆಯುವ ಕಿಣ್ವ ಇದೆ, ಕುದಿಸಿದರೆ ಅದು ಸಾಯುತ್ತದೆ. ಶುಂಠಿ ಬೇಕಿದ್ದರೆ ಗಟ್ಟಿಗೆ ಬಳಸುವ ನೀರಿನಲ್ಲೇ ಜಜ್ಜಿ ಹಾಕಿ ಕುದಿಸಿ ಸೋಸಿ. ಬೆಲ್ಲವನ್ನೂ ಕುದಿಯುವ ಹಾಲಿಗೆ ಹಾಕಬೇಡಿ. ಪಾಯಸ ಮಾಡುವವರಿಗೆ ಗೊತ್ತಿರುವ ವಿಷಯವೇ.

ಮೇಲೆ ಹಾಕುವ ಕ್ರೀಮಿನ ಬಗ್ಗೆ ನೀವು ಕೇಳಿಲ್ಲ, ಮಗಳು ಕೇಳುತ್ತಾಳೆ. ಅಂಗಡಿಯ ಫ್ರೆಶ್ ಕ್ರೀಮ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಕೊಬ್ಬು 25 ಶೇಕಡಾ. ಗಟ್ಟಿಯಾಗಿ ನಿಲ್ಲಬೇಕಾದರೆ 30ರ ಮೇಲೆ ಇರಬೇಕು, ಎಷ್ಟು ಕಡೆದರೂ ಅದು ನಿಲ್ಲದು, ಕೈ ನೋಯುವುದಷ್ಟೇ ಲಾಭ. ಬೇಕರಿಯವರ ವಿಪ್ ಕ್ರೀಮ್ ಬಹುಪಾಲು ಸಸ್ಯಜನ್ಯ ಕೊಬ್ಬು, ನನಗೆ ಇಷ್ಟವಿಲ್ಲ. ಅದಕ್ಕಿಂತ ನೊರೆ ಎಬ್ಬಿಸಿ. ಮಾಯಾ, ಅಜ್ಟೆಕ್ ಜನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ಚಾಕೊಲೇಟಿಗೆ ನೊರೆ ಬರಿಸುತ್ತಿದ್ದರು, ಹೋಟೆಲಿನವರು ಕಾಫಿ ಎತ್ತಿ ಹೊಯ್ಯುವ ಹಾಗೇ. ಸ್ಪೇನಿನವರು ಅಲ್ಲಿಗೆ ಹೋದ ಮೇಲೆ ಮೊಲಿನಿಯೋ ಎನ್ನುವ ಮರದ ಕೋಲು ಬಳಕೆಗೆ ಬಂತು: ತುದಿಯಲ್ಲಿ ಕೆತ್ತಿದ ಗುಂಡು, ಎರಡು ಅಂಗೈ ನಡುವೆ ಹಿಡಿದು ತಿರುಗಿಸುವುದು. ಚಿತ್ರ ನೋಡಿದರೆ ನಿಮ್ಮ ಅಜ್ಜಿ ಅದನ್ನು ಕಡಗೋಲು ಎಂದೇ ಹೇಳುತ್ತಾರೆ. ಅಟ್ಟದ ಮೇಲಿನ ಸಣ್ಣ ಕಡಗೋಲನ್ನು ಇಳಿಸಿ. ಮಜ್ಜಿಗೆಯ ಹುಳಿ ಮರಕ್ಕೆ ಹಿಡಿದಿರುತ್ತದೆ, ಆದ್ದರಿಂದ ಹತ್ತು ನಿಮಿಷ ನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ ಆಮೇಲೆ ಬಳಸಿ. ಉದ್ದ ಕುತ್ತಿಗೆಯ ಚೊಂಬಿನಲ್ಲಿ ನಾಲ್ಕು ಲೋಟದಷ್ಟು ಹಾಲು, ಗಟ್ಟಿ ಹಾಕಿ, ಕಡಗೋಲಿನ ಗುಂಡು ಅರ್ಧ ಮುಳುಗಿ ಅರ್ಧ ಮೇಲಿರುವಂತೆ ಹಿಡಿದು ಅಂಗೈಯಲ್ಲಿ ಉರುಳಿಸಿ. ಪೂರ್ತಿ ಮುಳುಗಿಸಿದರೆ ಗಾಳಿ ಒಳಗೆ ಹೋಗದು. ಅರ್ಧ ನಿಮಿಷದಲ್ಲಿ ಬೆರಳು ದಪ್ಪದ ನೊರೆ. ಮಕ್ಕಳು ಸರದಿ ನಿಲ್ಲುತ್ತಾರೆ, ಸ್ಟೇಷನ್ನಿನ ಗಮ್ಮತ್ತೆಲ್ಲ ಅದರಲ್ಲೇ.

ಮಾರ್ಷ್‌ಮ್ಯಾಲೋ ಇಡುವುದಾದರೆ ಪೊಟ್ಟಣದ ಗುರುತು ನೋಡಿ. ಅದು ನಿಲ್ಲುವುದು ಜೆಲಾಟಿನ್ ಬಲದಿಂದ, ಜೆಲಾಟಿನ್ ಬರುವುದು ದನದ್ದೋ ಹಂದಿಯದೋ ಚರ್ಮ ಮೂಳೆಯಿಂದ. ನಿಮ್ಮ ಮನೆಗೆ ಬರುವವರಲ್ಲಿ ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆ ಮನೆಯವರು, ಸಸ್ಯಾಹಾರಿಗಳು ಎಲ್ಲರೂ ಇದ್ದಾರು. ಒಬ್ಬೊಬ್ಬರಿಗೆ ಒಂದೊಂದು ಆಗದು. ಹಸಿರು ಚುಕ್ಕೆ ಇರುವುದು ಸಿಕ್ಕರೆ ತನ್ನಿ, ಸಿಗದಿದ್ದರೆ ಬಿಟ್ಟೇಬಿಡಿ. ಅದರ ಬದಲು ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಅಲ್ಲಿಗೇ ಬರಲಿ. ಕುಲ್‌ಕುಲ್ ಅನ್ನು ಹಾಟ್ ಚಾಕೊಲೇಟಿನಲ್ಲಿ ಅದ್ದಿ ತಿಂದವರಿಗೆ ಮಾರ್ಷ್‌ಮ್ಯಾಲೋ ನೆನಪಿಗೂ ಬರದು. ರೋಸ್ ಕುಕೀಸ್ ಅದ್ದಬೇಡಿ, ಗರಿಗರಿ ಹೋಗುತ್ತದೆ.

ಮೇಜನ್ನು ಗೋಡೆಗೆ ತಾಗಿಸದೆ ಎರಡೂ ಬದಿ ಓಡಾಡುವಂತೆ ಇಡಿ. ಒಂದು ತುದಿಯಲ್ಲಿ ಲೋಟ, ಆಮೇಲೆ ಗಟ್ಟಿ, ಹಾಲು, ಪರಿಮಳ, ತಿಂಡಿ. ಜನ ಒಂದೇ ದಿಕ್ಕಿಗೆ ನಡೆಯಲಿ. ಬಟ್ಟೆ ಹಾಸುವುದಾದರೆ ಅಂಚು ಇಳಿಬೀಳದಂತೆ ಕೆಳಗೆ ಸಿಕ್ಕಿಸಿ, ನಡೆಯಲು ಕಲಿಯುತ್ತಿರುವ ಮಗು ಮೊದಲು ಹಿಡಿದೆಳೆಯುವುದು ಅದನ್ನೇ, ಮೇಲಿರುವುದು ಬಿಸಿ ಹಾಲು. ಹಾಲು ಹೊಯ್ಯುವುದು ದೊಡ್ಡವರೊಬ್ಬರ ಕೆಲಸ, ಅದನ್ನು ಅರ್ಧ ಗಂಟೆಗೊಬ್ಬರಂತೆ ಹಂಚಿಕೊಳ್ಳಿ. 50 ಮಿಲಿ ಹಿಡಿಯುವ ಸೌಟು ಯಾವುದೆಂದು ಔಷಧಿಯ ಅಳತೆ ಮುಚ್ಚಳದಿಂದ ನೀರು ಹೊಯ್ದು ಮೊದಲೇ ನೋಡಿಟ್ಟುಕೊಳ್ಳಿ. ದೊಡ್ಡವರಿಗೆ ಸೌಟು ತುಂಬಾ, ಮಕ್ಕಳಿಗೆ ಅರೆಸೌಟು, ಉಳಿದದ್ದು ಹಾಲು. ಸ್ಟೀಲ್ ಲೋಟ ಬೇಡ, ತುಟಿ ಬೆರಳು ಎರಡೂ ಸುಡುತ್ತದೆ. ದಪ್ಪ ಪಿಂಗಾಣಿಯದು ಮೂವತ್ತು ಇಲ್ಲದಿದ್ದರೆ ಅಕ್ಕಪಕ್ಕದವರನ್ನು ಕೇಳಿ, ಕಪ್ಪುಗಳು ಬೇರೆ ಬೇರೆ ಇದ್ದರೆ ಯಾರದು ಯಾವುದೆಂದು ಗುರುತು ಹಿಡಿಯುವುದೂ ಸುಲಭ. ನಕ್ಷತ್ರದ ದೀಪ ಕರೆಂಟಿನದಾದರೆ ಪಕ್ಕದಲ್ಲಿ ಚಾರ್ಜ್ ಮಾಡಿಟ್ಟ ಲೈಟೊಂದಿರಲಿ. ಮೇಣದ ಬತ್ತಿಯನ್ನು ಗಾಜಿನ ಚಿಮಣಿಯ ಒಳಗೆ ಮಾತ್ರ.

ರಮ್ಮಿನ ವಿಷಯವನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ, ಆದರೆ ಸೈನ್ಯದಿಂದ ನಿವೃತ್ತರಾದ ಮಾವ ಒಬ್ಬರು ಕ್ಯಾಂಟೀನ್ ಬಾಟಲಿ ಹಿಡಿದು ಬಂದೇ ಬರುತ್ತಾರೆ. ಬಾಟಲಿ ಒಳಕೋಣೆಯಲ್ಲಿರಲಿ, ಈ ಮೇಜಿಗೆ ಬೇಡ. ಲೋಟ ಹಿಡಿದು ಅವರೇ ಒಳಗೆ ಹೋಗಲಿ. 15 ಮಿಲಿಗಿಂತ ಹೆಚ್ಚಾದರೆ ಚಾಕೊಲೇಟಿನ ರುಚಿ ಕಾಣುವುದಿಲ್ಲ ಎಂದು ಹೇಳಿ ನೋಡಿ, ಕೇಳುತ್ತಾರೆಂಬ ಭರವಸೆ ನನಗಿಲ್ಲ. ವಾಹನ ಓಡಿಸುವವರಿಗೆ ಅದೂ ಇಲ್ಲ. ಹಿರಿಯರಿಗೆಂದು ಒಂದು ಫ್ಲಾಸ್ಕು ಬರೀ ಕಾಫಿ ಮರೆಯಬೇಡಿ. ರಾತ್ರಿ ಒಂದು ಗಂಟೆಗೆ ಚಳಿಯಲ್ಲಿ ಬಂದ ಅಜ್ಜಿಯ ಕೈಗೆ ಚಾಕೊಲೇಟ್ ಕೊಟ್ಟು ‘ಹೇಗಿದೆ’ ಎಂದು ಕೇಳುವುದು ಅನ್ಯಾಯ.

ಕೊಯ್ಲಿನ ಕಾಲ, ತೋಟದ ಕೆಲಸಗಾರರ ಲೈನ್‌ಮನೆಯಲ್ಲೂ ಮಕ್ಕಳಿರುತ್ತಾರೆ. ಉಳಿದ ಗಟ್ಟಿ ಫ್ರಿಜ್ಜಿನಲ್ಲಿ ಐದಾರು ದಿನ ಕೆಡದು, ಮರುದಿನ ಬೆಳಿಗ್ಗೆ ಒಂದು ಲೀಟರ್ ಹಾಲು ಕಾಸಿ ಅವರಿಗೂ ಮಾಡಿಕೊಡಬಹುದು. ರಾತ್ರಿ ಒಲೆಯ ಮೇಲೆ ಬೆರೆಸದೆ ಉಳಿದ ಹಾಲು ಬರೀ ಹಾಲಾಗಿಯೇ ಇರುವುದರಿಂದ ಚೆಲ್ಲಬೇಕಾಗಿಲ್ಲ. ಮಲಗುವ ಮುಂಚೆ ಇನ್ನೊಮ್ಮೆ ಕುದಿಸಿ, ಬೆರಳು ತಾಳುವಷ್ಟು ಆರಿಸಿ, ಹೆಪ್ಪು ಹಾಕಿ, ಕೆಂಡ ಮುಚ್ಚಿದ ಒಲೆಯ ಪಕ್ಕ ಇಡಿ. ಈ ಚಳಿಗೆ ಬೇರೆಲ್ಲಿಟ್ಟರೂ ಹೆಪ್ಪಾಗದು. ಕ್ರಿಸ್‌ಮಸ್ ಮಧ್ಯಾಹ್ನದ ಪಲಾವಿಗೆ ಮೊಸರು ಬಜ್ಜಿ ಆಗುತ್ತದೆ.